ಎಲ್ಲಿಯ ಐವತ್ತೊಂದು?

ಕಯಾಕ್ ಕೊಳ್ಳಲು ಹೊರಟವನು ಮೂರು ಅಂಕಿ ಕೇಳುತ್ತಾನೆ: ಉದ್ದ, ಅಗಲ, ತೂಕ. ನಾನೂ ಕೇಳಿದೆ. ಉದ್ದ 520 ಸೆಂಟಿಮೀಟರ್, ಅಗಲ 51, ತೂಕ ಹನ್ನೆರಡು ಕಿಲೋದ ಆಸುಪಾಸು ಎಂದು ಮಾರುವವರು ಹೇಳಿದರು. ಮೂರೂ ನಿಜವಾಗಿದ್ದವು. ಟೇಪು ಹಿಡಿದು ನಾನೇ ಅಳೆದು ನೋಡಿದ್ದೆ. ಅವರು ಒಂದೂ ಸುಳ್ಳು ಹೇಳಲಿಲ್ಲ, ನಾನೂ ಒಂದೂ ಲೆಕ್ಕ ತಪ್ಪಲಿಲ್ಲ. ಆದರೂ ಆ ದೋಣಿಯಲ್ಲಿ ನಾನು ಕಳೆದ ಒಂದು ಮಳೆಗಾಲವೆಲ್ಲ ಬೀಳುವುದು, ಈಜುವುದು, ದಡಕ್ಕೆ ಎಳೆಯುವುದು, ನೀರು ಚೆಲ್ಲುವುದು ಇಷ್ಟರಲ್ಲೇ ಮುಗಿಯಿತು.

ನಾನು ಬಸವನ ಬಾಗೇವಾಡಿಯ ಗಣಿತದ ಮಾಸ್ತರ. ಹರೆಯದಲ್ಲಿ ಸೈಕಲ್ ತುಳಿದವನು. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಇದು ಹೇಳಿಕೊಳ್ಳುವಂಥ ವಿಶೇಷವಲ್ಲ. ಜಾತ್ರೆಗೆ ಕುಸ್ತಿ ಇದ್ದಂತೆ ಸೈಕಲ್ ಶರ್ಯತ್ತೂ ಇರುವ ನಾಡು ಇದು. ಇಲ್ಲಿನ ಎಷ್ಟೋ ಹುಡುಗ ಹುಡುಗಿಯರು ಇದೇ ರಸ್ತೆಗಳಲ್ಲಿ ತುಳಿದು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ನನಗೆ ಪದಕ ಬರಲಿಲ್ಲ, ಮೊಣಕಾಲು ನೋವು ಬಂತು. ಬಾಗೇವಾಡಿಯಿಂದ ಇಂಡಿ, ಇಂಡಿಯಿಂದ ಸಿಂದಗಿ, ತಾಳಿಕೋಟೆಯ ಮೇಲಿಂದ ಮುದ್ದೇಬಿಹಾಳ, ಅಲ್ಲಿಂದ ಮತ್ತೆ ಮನೆ ಎಂಬ ನನ್ನ ದೊಡ್ಡ ಸುತ್ತು ಮೊದಲು ಸಣ್ಣದಾಯಿತು, ಆಮೇಲೆ ನಿಂತಿತು. ಸೊಂಟದ ಸುತ್ತಳತೆ ಮಾತ್ರ ಬೆಳೆಯುತ್ತ ಹೋಯಿತು.

ಕಯಾಕಿನ ರುಚಿ ಹತ್ತಿದ್ದು ಹೊನ್ನಾವರದಲ್ಲಿ. ಶರಾವತಿ ಸಮುದ್ರ ಸೇರುವ ಕಡೆ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರನ್ನು ಕಯಾಕಿನಲ್ಲಿ ಕೂಡಿಸಿ ಬಿಡುತ್ತಾರೆ. ಸಾಲಿಗ್ರಾಮದ ಹಿನ್ನೀರಿನಲ್ಲೂ ಇದೆ. ಮೂರು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲದ ದಪ್ಪ ಪ್ಲಾಸ್ಟಿಕ್ ದೋಣಿ. ಬೀಳಬೇಕೆಂದರೂ ಬೀಳುವುದು ಕಷ್ಟ. ಮೊಣಕಾಲಿಗೆ ಭಾರ ಬೀಳದೆ ಮೈಯೆಲ್ಲ ಬೆವರಿದ್ದು ನನಗೆ ಬಹಳ ವರ್ಷಗಳ ಮೇಲೆ. ಹಿಂದಿರುಗುವ ದಾರಿಯಲ್ಲಿ ಒಂದೇ ಯೋಚನೆ. ಬರದ ಜಿಲ್ಲೆ ಎಂದು ಹೆಸರಾದ ನಮ್ಮಲ್ಲಿ ನೀರಿಗೇನು ಕಡಿಮೆ? ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಜಲಾಶಯ ತುಂಬಿದಾಗ 519.60 ಮೀಟರ್ ಮಟ್ಟಕ್ಕೆ 123 ಟಿಎಂಸಿ ನೀರು ನಿಲ್ಲುತ್ತದೆ. ಅದರ ಕೆಳಗೆ ನಾರಾಯಣಪುರದ ಬಸವಸಾಗರ, 33 ಟಿಎಂಸಿ. ಅದರ ಹಿನ್ನೀರು ಮುದ್ದೇಬಿಹಾಳ ತಾಲೂಕಿನ ಅಂಚನ್ನು ಉದ್ದಕ್ಕೂ ನೆನೆಸುತ್ತದೆ. ಬಡಗಣಕ್ಕೆ ಇಂಡಿ, ಸಿಂದಗಿಯ ಗಡಿಯಲ್ಲಿ ಭೀಮೆ. ಇಷ್ಟು ನೀರಿನ ಮೇಲೆ ವ್ಯಾಯಾಮಕ್ಕೆಂದು ಒಂದು ದೋಣಿ ಹಾಕಿದವನು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬನೂ ಇರಲಿಲ್ಲ. ಮೊದಲಿಗನಾಗುವ ಹುಚ್ಚೂ ಸ್ವಲ್ಪ ಇತ್ತೆನ್ನಿ.

ಪ್ರವಾಸಿಗರ ದಪ್ಪ ದೋಣಿ ನನಗೆ ಬೇಡವಾಗಿತ್ತು. ಸೈಕಲಿನವನ ತಲೆ ಅದು: ದಪ್ಪ ಟೈರು ಹಾಲು ಹಾಕುವವನಿಗೆ, ತೆಳು ಟೈರು ಓಟಗಾರನಿಗೆ. ಹುಡುಕಾಡಿ, ಕೇಳಾಡಿ, ಕೊನೆಗೆ ಬೇರೆ ರಾಜ್ಯದ ತರಬೇತಿ ಕೇಂದ್ರವೊಂದರಿಂದ ಹೊರಬಿದ್ದ ಹಳೆಯ ಫೈಬರ್ ಗ್ಲಾಸಿನ ಕೆ-1 ಸಿಕ್ಕಿತು. ಕೆ-1 ಎಂದರೆ ಒಬ್ಬರು ಕೂರುವ ಪಂದ್ಯದ ಕಯಾಕ್. 1936ರ ಬರ್ಲಿನ್ ಒಲಿಂಪಿಕ್ಸಿನಿಂದ ಇಂದಿನವರೆಗೂ ನಡೆದುಬಂದ ಜಾತಿ. ಅತಿ ಹೆಚ್ಚೆಂದರೆ 520 ಸೆಂಟಿಮೀಟರ್ ಉದ್ದ, ಅತಿ ಕಡಿಮೆಯೆಂದರೆ 12 ಕಿಲೋ ತೂಕ ಎಂಬುದು ಅದರ ನಿಯಮ. ಬಾಗೇವಾಡಿಯಲ್ಲಿ ಕಾರಿನ ನೆತ್ತಿಯಿಂದ ಅದನ್ನು ಇಳಿಸಿದಾಗ ಓಣಿಯ ಮಂದಿಯೆಲ್ಲ ಸೇರಿದರು. ಒಬ್ಬರು ಇದು ಮೈಕಿನ ಹಾರ್ನೇ ಎಂದರು. ನಾನು ಉತ್ಸಾಹದಲ್ಲಿದ್ದೆ, ಸಿಟ್ಟು ಬರಲಿಲ್ಲ.

ಆಮೇಲೆ ಅದನ್ನು ನನ್ನ ಮೈಗೆ ಹೊಂದಿಸಿದೆ. ಹೊಂದಿಸಿದೆ ಎಂಬ ಭ್ರಮೆಯಲ್ಲಿದ್ದೆ ಎನ್ನುವುದು ಸರಿ. ಸೈಕಲಿನ ಸೀಟು ಎತ್ತರಿಸಿದರೆ ಕಾಲಿಗೆ ಬಲ ಬರುತ್ತದೆ ಎಂಬುದು ನನ್ನ ರಕ್ತದಲ್ಲಿದ್ದ ಪಾಠ. ಕಯಾಕಿನ ಸೀಟಿನ ಕೆಳಗೂ ಎರಡು ಇಂಚು ಫೋಮ್ ತುಂಬಿ ಎತ್ತರಿಸಿದೆ. ಹುಟ್ಟು ಹಾಕುವವನ ಭುಜಕ್ಕೆ ಎತ್ತರದಿಂದ ಒಳ್ಳೆಯ ಪಟ್ಟು ಸಿಗುವುದೇನೋ ನಿಜ, ಪಂದ್ಯದವರು ಹಾಗೆ ಎತ್ತರದಲ್ಲೇ ಕೂರುತ್ತಾರೆ. ಆದರೆ ದೋಣಿಯಲ್ಲಿ ಅತಿ ಭಾರದ ಸಾಮಾನು ಕೂತವನ ಮೈಯೇ. ಹನ್ನೆರಡು ಕಿಲೋ ದೋಣಿಯ ಮೇಲೆ ಎಂಬತ್ತು ಕಿಲೋ ಮನುಷ್ಯ ಎರಡು ಇಂಚು ಮೇಲೆ ಹೋದರೆ ಇಡೀ ಜೋಡಿಯ ಗುರುತ್ವ ಕೇಂದ್ರ ಹೆಚ್ಚುಕಡಿಮೆ ಅಷ್ಟೇ ಮೇಲೆ ಹೋಗುತ್ತದೆ. ಮಕ್ಕಳಿಗೆ ಇಂಥದ್ದನ್ನು ಬೋರ್ಡಿನ ಮೇಲೆ ಹೇಳಿಕೊಡುವವನು ನಾನು.

ಪಾದ ಒತ್ತುವ ಪಟ್ಟಿಯನ್ನು ದೂರಕ್ಕೆ ಸರಿಸಿ ಕಾಲು ನೀಳವಾಗಿ ಚಾಚಿಕೊಂಡೆ; ಮೊಣಕಾಲು ಬಾಗದಿದ್ದರೆ ನೋಯುವುದಿಲ್ಲ ಎಂಬ ಜಾಣತನ. ಹೊನ್ನಾವರದಲ್ಲಿ ಕೈಗೆ ಬಂದ ಹುಟ್ಟು ಉದ್ದವಿತ್ತೆಂದು 230 ಸೆಂಟಿಮೀಟರಿನ ಹುಟ್ಟನ್ನೇ ತರಿಸಿದ್ದೆ. ಅದು ಅಗಲ ದೋಣಿಯ ಅಂಚು ದಾಟಿ ನೀರು ಮುಟ್ಟಲು ಮಾಡಿದ ಉದ್ದ ಎಂಬುದು ಹೊಳೆಯಲಿಲ್ಲ. ಇನ್ನೊಂದು ಸಂಗತಿಯನ್ನು ನೋಡಿಯೂ ನೋಡದವನಂತೆ ಬಿಟ್ಟೆ. ದೋಣಿಯ ಎರಡೂ ತುದಿಗಳಲ್ಲಿ ತೇಲಿಸಲು ಇರಬೇಕಾದ ಗಾಳಿಚೀಲ, ಫೋಮ್ ಏನೂ ಇರಲಿಲ್ಲ, ಹಿಂದಿನವರು ತೆಗೆದಿದ್ದರು. ಒಳಗೆ ಅಡ್ಡಗೋಡೆಯೂ ಇಲ್ಲ. ಮೂತಿಯಿಂದ ಬಾಲದವರೆಗೆ ಒಂದೇ ಪೊಳ್ಳು ಕೊಳವೆ.

ಕೊಲ್ಹಾರವನ್ನು ಆರಿಸಿಕೊಂಡದ್ದು ನೀರು ಹತ್ತಿರ, ಅಣೆಕಟ್ಟೆ ದೂರ ಎಂದು. ಆಗ ಅದು ನಮ್ಮದೇ ತಾಲೂಕಿನ ಊರು, ಈಗ ತಾನೇ ತಾಲೂಕಾಗಿದೆ. ಕುಡಿಕೆ ಮೊಸರಿಗೆ ಹೆಸರಾದ ಊರು. ಹಳೆಯ ಊರು ಹಿನ್ನೀರಿನ ಪಾಲಾಗಿ ಮೇಲೆ ಹೊಸದು ಎದ್ದಿದೆ. ಕೊರ್ತಿ ಕಡೆಗೆ ಹಾಸಿದ ಉದ್ದ ಸೇತುವೆಯ ಮೇಲೆ ನಿಂತರೆ ಶ್ರಾವಣದಲ್ಲಿ ಕೃಷ್ಣೆ ನದಿಯಂತೆ ಕಾಣುವುದಿಲ್ಲ, ಸಮುದ್ರದ ತುಂಡಿನಂತೆ ಕಾಣುತ್ತಾಳೆ. ನಾನು ನೋಡಿದ್ದು ಆ ವಿಸ್ತಾರವನ್ನು. ನೋಡದೆ ಬಿಟ್ಟದ್ದು ಗಾಳಿಯನ್ನು. ಮಳೆಗಾಲದಲ್ಲಿ ಇಲ್ಲಿ ಪಡುವಣ ಗಾಳಿ, ಅದು ಕಿಲೋಮೀಟರುಗಟ್ಟಲೆ ಬಯಲು ನೀರಿನ ಮೇಲೆ ಅಡ್ಡಿಯಿಲ್ಲದೆ ಓಡಿ ಬರುತ್ತದೆ. ಓಡಿದಷ್ಟೂ ಅಲೆ ದೊಡ್ಡದು. ದಡದ ಮರೆಯಲ್ಲಿ ಕನ್ನಡಿಯಂತಿದ್ದ ನೀರು ಇನ್ನೂರು ಮೀಟರ್ ಒಳಗೆ ಬೇರೆಯೇ ನೀರು.

ದಡದ ಹತ್ತಿರ ಮೊಳಕಾಲುದ್ದ ನೀರಿನಲ್ಲೇ ಮೊದಲು ಬಿದ್ದೆ, ಮತ್ತೆ ಬಿದ್ದೆ. ವೇಗ ಬಂದರೆ ನೆಟ್ಟಗಾಗುತ್ತದೆ ಎಂದು ನಂಬಿದ್ದೆ. ಸೈಕಲ್ ಹಾಗೆಯೇ ತಾನೆ? ಇಲ್ಲಿ ನನ್ನ ಹಳೆಯ ವಿದ್ಯೆಯೇ ನನಗೆ ಮೋಸ ಮಾಡಿತು. ಓಡುವ ಸೈಕಲ್ ಬೀಳಲು ಹೊರಟ ಕಡೆಗೇ ಹ್ಯಾಂಡಲ್ ಹೊರಳುತ್ತದೆ, ಚಕ್ರ ಮೈಯ ಕೆಳಗೆ ಬಂದು ನಿಲ್ಲುತ್ತದೆ. ಅದು ತಿಳಿಯದೆಯೇ ನಡೆಯುವ ಉಪಾಯ. ಕಯಾಕಿಗೆ ಆ ಉಪಾಯವಿಲ್ಲ. ಅದರಲ್ಲಿ ಕೂತವನನ್ನು ಹಿಡಿದಿಡುವುದು ಎರಡೇ: ನೀರು ಮುಟ್ಟಿದ ದೋಣಿಯ ಅಗಲ, ನೀರಲ್ಲಿ ಊರಿದ ಹುಟ್ಟು. ಹುಟ್ಟು ನೀರಿನಿಂದ ಹೊರಗಿರುವ ಅರೆಕ್ಷಣ ಇದೆಯಲ್ಲ, ಅಲ್ಲಿ ವೇಗ ನನ್ನ ನೆರವಿಗೆ ಬರಲಿಲ್ಲ.

ದೊಡ್ಡದಾಗಿ ಬಿದ್ದ ದಿನ ಹೆಚ್ಚು ಹೇಳುವಂಥದ್ದೇನೂ ನಡೆಯಲಿಲ್ಲ. ದೋಣಿಯ ಬಾಲದ ಕೆಳಗಿನ ಚುಕ್ಕಾಣಿ ಮೀನುಗಾರರ ಬಲೆಗೆ ಸಿಕ್ಕಿತು. ನೀರಿನ ಖಾಲಿ ಬಾಟಲಿಗಳನ್ನು ತೇಲುಗುಂಡು ಮಾಡಿ ಬಿಟ್ಟ ಬಲೆ ಅದು, ಅಲೆಯಲ್ಲಿ ಬಾಟಲಿ ಕಾಣಲಿಲ್ಲ. ದೋಣಿ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ತಲೆ ಎತ್ತಿದಾಗ ಲೈಫ್ ಜಾಕೆಟ್ಟು ಕಿವಿಯವರೆಗೆ ಏರಿ ಕುತ್ತಿಗೆ ಹಿಸುಕುತ್ತಿತ್ತು, ಸೊಂಟದ ಪಟ್ಟಿ ಬಿಗಿದಿರಲಿಲ್ಲ. ದೋಣಿ ತುಂಬಿಕೊಂಡು ನೀರಿನ ಮಟ್ಟಕ್ಕೆ ಇಳಿದಿತ್ತು. ಐದು ಮೀಟರಿನ ಪೊಳ್ಳು ತುಂಬಿದರೆ ಅದನ್ನು ಒಬ್ಬನೇ ಎತ್ತುವುದಿರಲಿ, ತಿರುವಿ ಹಾಕುವುದೂ ಆಗದ ಮಾತು. ಗಾಳಿ ನನ್ನನ್ನೂ ಅದನ್ನೂ ಒಟ್ಟಿಗೆ ಮೂಡಣಕ್ಕೆ ತಳ್ಳತೊಡಗಿತು. ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದು ಆಗಲೇ ಯಾಕೆ ನೆನಪಾಗಬೇಕೋ.

ಬಂದದ್ದು ಒಂದು ಹರಿಗೋಲು. ಒಬ್ಬ ಮುದುಕ, ಕೈಯಲ್ಲಿ ಒಂದೇ ಅಲಗಿನ ಗಿಡ್ಡ ಹುಟ್ಟು. ನಾನು ಸಿಕ್ಕಿಸಿಕೊಂಡದ್ದು ಅವನದೇ ಬಲೆ.

"ಮಾಸ್ತರ, ದೋಣಿ ಬಿಡಬ್ಯಾಡ್ರಿ, ಅದನ್ನ ಹಿಡಕೊಂಡ ಇರ್ರಿ!" ಎಂದು ಕೂಗುತ್ತಲೇ ಬಂದ. ನನ್ನನ್ನು ಮೊದಲು ಹರಿಗೋಲಿಗೆ ಎಳೆದುಕೊಂಡ. ಆಮೇಲೆ ಅವನು ಮಾಡಿದ್ದನ್ನು ನಾನು ಬಹುದಿನಗಳ ಮೇಲೆ ಕಯಾಕ್ ಕಲಿಸುವ ಪುಸ್ತಕದಲ್ಲಿ ಓದಿದೆ. ಕಯಾಕಿನ ಮೂತಿಯನ್ನು ಹರಿಗೋಲಿನ ಅಂಚಿನ ಮೇಲೆ ಎಳೆದು, ಬೋರಲು ಮಾಡಿ, ಹಿಂದಕ್ಕೂ ಮುಂದಕ್ಕೂ ತೂಗಿ ನೀರೆಲ್ಲ ಬಸಿದ. ಎರಡು ದೋಣಿ ಅಡ್ಡಡ್ಡ ನಿಂತಾಗ ಹೀಗೇ ಮಾಡಬೇಕೆಂದು ಪುಸ್ತಕ ಹೇಳುತ್ತದೆ. ಅವನಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ದೋಣಿಯಲ್ಲಿ ನೀರು ತುಂಬಿದೆ, ಹತ್ತಿರ ಇರುವ ಗಟ್ಟಿ ಜಾಗ ಹರಿಗೋಲಿನ ಅಂಚು, ಅಷ್ಟೇ.

ದಡ ಸೇರಿದ ಮೇಲೆ ಬೀಡಿ ಹಚ್ಚಿ ಕಯಾಕನ್ನು ಸುತ್ತಿ ನೋಡಿದ.

"ಇದರ ಅಗಲ ಎಷ್ಟ್ರೀ ಮಾಸ್ತರ?"

"ಐವತ್ತೊಂದು ಸೆಂಟಿಮೀಟರ್, ಕಾಕಾ."

"ಎಲ್ಲಿ ಐವತ್ತೊಂದು?"

ಬಗ್ಗಿ ಸೀಟಿನ ಕೆಳಗೆ, ಕೆಸರು ನೀರಿನ ಗೆರೆ ಬಿದ್ದ ಕಡೆ, ಹೆಬ್ಬೆರಳು ಕಿರುಬೆರಳು ಚಾಚಿ ಗೇಣು ಹಾಕಿದ. "ನೀರ ಮುಟ್ಟೂ ಜಾಗಾ ಎರಡ ಗೇಣ ಸುದ್ದಾ ಇಲ್ರೀ. ನಿಮ್ಮ ಐವತ್ತೊಂದು ಇಲ್ಲಿ ಹಿಂದ ಐತಿ, ಮ್ಯಾಲ. ರೆಕ್ಕಿ ಹಚ್ಚಿಧಂಗ. ನೀರಿಗೇ ಹತ್ತೂದಿಲ್ಲ ಇದು, ಇದ್ದರೇನ ಬಂತು?"

ಮನೆಗೆ ಬಂದು ಮಗನನ್ನು ಕರೆದು ಎರಡು ನೆಟ್ಟನೆಯ ಕೋಲು, ಟೇಪು ಹಿಡಿದು ಅಳೆದೆ. ಸೀಟಿನ ಹಿಂದೆ ಮೇಲ್ಮೈ ಎರಡೂ ಬದಿಗೆ ಉಬ್ಬಿ 51 ಸೆಂಟಿಮೀಟರ್ ಆಗಿತ್ತು. ನನ್ನ ಸೊಂಟದ ಕೆಳಗೆ, ನೀರಿನ ಗೆರೆಯಲ್ಲಿ, ನಲವತ್ತಕ್ಕಿಂತ ಕಡಿಮೆ. ಈ ಉಬ್ಬಿಗೆ ಒಂದು ಇತಿಹಾಸವಿದೆ, ಅದು ತಿಳಿದ ದಿನ ನನಗೆ ನಗು ಬಂತು. ಕೆ-1 ಕಯಾಕಿನ ಅಗಲ 51 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು ಎಂಬ ನಿಯಮ ಪಂದ್ಯಗಳಲ್ಲಿ ಬಹುಕಾಲ ಇತ್ತು. ಕಿರಿದಾದಷ್ಟೂ ವೇಗ ಎಂದು ತಿಳಿದ ವಿನ್ಯಾಸಕಾರರು ನಿಯಮ ಮುರಿಯಲಿಲ್ಲ, ಅದನ್ನು ನೀರಿನಿಂದ ಮೇಲಕ್ಕೆ ಎತ್ತಿದರು. ಹುಟ್ಟು ಬೀಳದ ಕಡೆ, ಕೂತವನ ಬೆನ್ನ ಹಿಂದೆ, ನೀರು ತಾಗದ ಎತ್ತರದಲ್ಲಿ ಎರಡು ರೆಕ್ಕೆ ಬಿಡಿಸಿ 51 ತುಂಬಿಸಿಕೊಟ್ಟರು. 2000ದ ಸಿಡ್ನಿ ಒಲಿಂಪಿಕ್ಸ್ ಮುಗಿದ ಮೇಲೆ ಆ ನಿಯಮವನ್ನೇ ತೆಗೆದುಹಾಕಿದರು. ಅಳತೆಗಾರನನ್ನು ತೃಪ್ತಿಪಡಿಸಲೆಂದು ಹುಟ್ಟಿದ ಅಂಕಿಯೊಂದನ್ನು ಎಷ್ಟೋ ವರ್ಷಗಳ ಮೇಲೆ ಬಾಗೇವಾಡಿಯ ಗಣಿತದ ಮಾಸ್ತರ ಸ್ಥಿರತೆಯ ಭರವಸೆ ಎಂದು ಓದಿಕೊಂಡಿದ್ದ.

ಹರಿಗೋಲಿನ ಮುದುಕನಿಗೆ ಅಂಕಿ ಬೇಕಿರಲಿಲ್ಲ, ಯಾಕೆಂದರೆ ಅವನ ದೋಣಿಯಲ್ಲಿ ಅಡಗಿಸಿಡಲು ಜಾಗವೇ ಇಲ್ಲ. ಬಿದಿರ ಬುಟ್ಟಿ, ಒಂದು ಕಾಲಕ್ಕೆ ಅದರ ಮೇಲೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ತುಂಗಭದ್ರೆಯಲ್ಲಿ ಬುಟ್ಟಿಯಂಥ ದುಂಡು ತೊಗಲ ದೋಣಿಗಳನ್ನು ಕಂಡು ಬರೆದಿದ್ದಾನೆ. ಹದಿನೈದಿಪ್ಪತ್ತು ಜನ, ಬೇಕಾದರೆ ಕುದುರೆ ಎತ್ತುಗಳೂ ಅದರಲ್ಲಿ ದಾಟುತ್ತಿದ್ದವಂತೆ. ಕಯಾಕೂ ಹುಟ್ಟಿದ್ದು ತೊಗಲು ಮತ್ತು ಕಟ್ಟಿಗೆಯಿಂದಲೇ. ಹಿಮದ ನಾಡಿನ ಇನ್ಯುಯಿಟ್ ಬೇಟೆಗಾರರು ಸಮುದ್ರ ತೇಲಿಸಿ ತಂದ ಕಟ್ಟಿಗೆಯ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊಲಿದು ಮಾಡಿಕೊಂಡದ್ದು. ಒಂದು ಬಲೆ ಎಳೆಯಲು ಎದ್ದು ನಿಲ್ಲಬಲ್ಲ ದೋಣಿ, ಇನ್ನೊಂದು ಸೀಲನ್ನು ಬೆನ್ನಟ್ಟುವ ದೋಣಿ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಇನ್ಯುಯಿಟರು ಕಯಾಕನ್ನು ಅದರಲ್ಲಿ ಕೂರುವವನ ಮೈಯಿಂದಲೇ ಅಳೆಯುತ್ತಿದ್ದರು: ಉದ್ದ ಅವನ ಚಾಚಿದ ತೋಳುಗಳ ಮೂರರಷ್ಟು, ಅಗಲ ಅವನ ಸೊಂಟ ಮತ್ತು ಎರಡು ಮುಷ್ಟಿ. ಗೇಣು ಹಾಕಿದ ಮುದುಕ ಅವರಿಗೆ ಸುಲಭವಾಗಿ ಅರ್ಥವಾಗುತ್ತಿದ್ದ.

ಆಮೇಲೆ ನಾನು ಲೆಕ್ಕಕ್ಕೆ ಕೂತೆ. ಮೊದಲೇ ಕೂರಬೇಕಿತ್ತು. ನೀರಿನ ಮೇಲೆ ಓಡುವ ದೋಣಿ ತನ್ನದೇ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗಿ, ಮೂತಿಯಲ್ಲೊಂದು ದಿಬ್ಬ ಬಾಲದಲ್ಲೊಂದು ದಿಬ್ಬ ಆದಾಗ ದೋಣಿ ನಡುವಿನ ಹಳ್ಳದಲ್ಲಿ ಸಿಕ್ಕಿಕೊಂಡು, ಮುಂದಿನ ಪ್ರತಿ ಹೆಜ್ಜೆಗೂ ಏರು ಹತ್ತಬೇಕಾಗುತ್ತದೆ. ನೀರು ಮುಟ್ಟುವ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ನಾಲ್ಕೂವರೆಯಿಂದ ಗುಣಿಸಿದರೆ ಆ ಏರು ಶುರುವಾಗುವ ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಸಿಗುತ್ತದೆ. ಮೂರು ಮೀಟರಿನ ಪ್ರವಾಸಿ ದೋಣಿಗೆ ಸುಮಾರು 7.8. ನನ್ನ 5.2 ಮೀಟರಿಗೆ 10.3ರ ಸುತ್ತ. ನಡುವೆ 4.7 ಮೀಟರ್ ದೋಣಿ ಎಂದುಕೊಳ್ಳಿ, ಅದಕ್ಕೆ 9.8. ಇದು ದಾಟಲಾರದ ಗೋಡೆಯಲ್ಲ. ಒಲಿಂಪಿಕ್ಸಿನ ಗಂಡಸರು ಕೆ-1ರಲ್ಲಿ ಸಾವಿರ ಮೀಟರನ್ನು ಸುಮಾರು ಮೂರೂವರೆ ನಿಮಿಷದಲ್ಲಿ ಮುಗಿಸುತ್ತಾರೆ, ಅಂದರೆ ಗಂಟೆಗೆ ಹದಿನೇಳು ಕಿಲೋಮೀಟರ್. ಆ ಏರು ಹತ್ತುವ ತೋಳು ಅವರದು.

ನನ್ನ ಕೈಗಡಿಯಾರ ತೋರಿಸುತ್ತಿದ್ದದ್ದು ಆರು. ಐದು ಮೀಟರ್ ಉದ್ದದ ಲಾಭ ಹತ್ತರ ಮೇಲೆ, ನಾನು ಆರರಲ್ಲಿ. ಆ ವೇಗದಲ್ಲಿ ಅಲೆಯ ತಡೆಗಿಂತ ಮೈಗೆ ನೀರು ಉಜ್ಜುವ ತಡೆಯೇ ದೊಡ್ಡದು, ಉದ್ದ ಹೆಚ್ಚಿದರೆ ಉಜ್ಜುವ ಮೈಯೂ ಹೆಚ್ಚು. ಅದಕ್ಕಿಂತ ದೊಡ್ಡ ನಷ್ಟ ಬೇರೆಡೆ ಇತ್ತು. ನಾನು ಹಾಕುತ್ತಿದ್ದ ಹುಟ್ಟಿನಲ್ಲಿ ಅರ್ಧ ಮುಂದೆ ಹೋಗಲು ಅಲ್ಲ, ಬೀಳದಿರಲು. ನೀರನ್ನು ಎಳೆಯುವ ಬದಲು ನೀರಿನ ಮೇಲೆ ಕೈ ಊರುತ್ತಿದ್ದೆ. ಸೊಂಟ ಬಿಗಿಹಿಡಿದು, ಉಸಿರು ಕಟ್ಟಿ, ತೋಳಿನಿಂದಷ್ಟೇ ಕೆರೆಯುವುದು. ನಾಡಿ ಬಡಿತ ಏರಿತ್ತು ನಿಜ. ಅದು ವ್ಯಾಯಾಮದಿಂದಲ್ಲ, ಹೆದರಿಕೆಯಿಂದ. ಮೈಯ ಪೂರಾ ಬಲವನ್ನು ನಂಬಿ ಸುರಿಯಲಾಗದ ದೋಣಿ ಎಷ್ಟು ತೆಳುವಾದರೂ ಆ ಮೈಗೆ ಅದು ನಿಧಾನದ ದೋಣಿಯೇ. ವೇಗವೋ ಸ್ಥಿರತೆಯೋ ಎಂದು ತಕ್ಕಡಿಯ ಎರಡು ಕಡೆ ಇಟ್ಟು ತೂಗುವವರನ್ನು ಕಂಡರೆ ಈಗ ನಾನು ಜಗಳಕ್ಕೆ ನಿಲ್ಲುತ್ತೇನೆ.

ಆ ಚಳಿಗಾಲ ಭೀಮೆಗೆ ಹೋದೆ. ಹೆಂಡತಿಯ ತವರು ಇಂಡಿ ತಾಲೂಕಿನ ಹೊಳೆದಂಡೆಯ ಹಳ್ಳಿ. ಭೀಮಾ ತೀರ ಎಂದೊಡನೆ ಸಿನಿಮಾ ನೋಡಿದವರಿಗೆ ಬಂದೂಕು ನೆನಪಾಗುತ್ತದೆ, ನನಗೆ ಮಾವನ ಮನೆಯ ಶೇಂಗಾ ಹೋಳಿಗೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿಯಿಂದ ನೀರು ಬಿಟ್ಟರೆ ಹೊಲ ಮನೆ ನುಂಗುವ ನದಿ ಅದು. 2020ರ ಅಕ್ಟೋಬರಿನ ಪ್ರವಾಹವನ್ನು ಇಂಡಿ, ಸಿಂದಗಿಯವರು ಮರೆತಿಲ್ಲ. ಬೇಸಿಗೆಗೆ ಮರಳು, ಅಲ್ಲಲ್ಲಿ ಮಡು. ಆದರೆ ಡಿಸೆಂಬರ್, ಜನವರಿಯಲ್ಲಿ ಬಾಂದಾರದ ಹಿಂದೆ ನಿಂತ ನೀರು ಕಿರಿದು, ಎರಡೂ ಕಡೆ ಕಬ್ಬು ಮತ್ತು ಎತ್ತರದ ದಂಡೆ, ಗಾಳಿಗೆ ಮರೆ. ಕಲಿಯುವವನಿಗೆ ಹೇಳಿ ಮಾಡಿಸಿದ ಜಾಗ. ಇದಕ್ಕೂ ಮುಂಚೆ ಗೆಳೆಯನೊಬ್ಬನ ನಿಂಬೆ ತೋಟದ ಕೃಷಿ ಹೊಂಡದಲ್ಲಿ ಅಭ್ಯಾಸ ಮಾಡೋಣವೆಂದು ಹೋಗಿ, ಹೊಂಡ ನೋಡಿ ಹಿಂದೆ ಬಂದೆ. ಪ್ಲಾಸ್ಟಿಕ್ ಹಾಸಿದ ಇಳಿಜಾರು, ಪಾಚಿ ಕಟ್ಟಿ ಜಾರುತ್ತದೆ. ಒಳಗೆ ಬಿದ್ದ ಮನುಷ್ಯ ಈಜು ಬಂದರೂ ಹತ್ತಿ ಬರುವುದು ಕಷ್ಟ. ಪ್ರತಿ ವರ್ಷ ಇಂಥ ಹೊಂಡಗಳಲ್ಲಿ ಮಕ್ಕಳು ಹೋದ ಸುದ್ದಿ ಓದುತ್ತೇವೆ. ಯಾರೂ ಈ ಪ್ರಯೋಗ ಮಾಡಬೇಡಿ.

ಭೀಮೆಯಲ್ಲಿ ಸೀಟಿನ ಕೆಳಗಿನ ಫೋಮ್ ಕಿತ್ತೆಸೆದೆ. ಕೆ-1 ಸ್ವಲ್ಪ ಪಳಗಿತು. ಅಲುಗದ ನೀರಿನಲ್ಲಿ ನೆಟ್ಟಗೆ ಹೋಗುವಷ್ಟು ಕಲಿತೆ. ಆದರೆ ನನಗೆ ಬೇಕಿದ್ದದ್ದು ಶಾಲೆಗೆ ಹೋಗುವ ಮುಂಚೆ ಒಂದು ತಾಸು ಚಿಂತೆಯಿಲ್ಲದೆ ಬೆವರು ಸುರಿಸುವ ದೋಣಿ, ವರ್ಷದಲ್ಲಿ ಎರಡು ತಿಂಗಳು ಮಾತ್ರ ದಯೆ ತೋರುವ ದೋಣಿಯಲ್ಲ. ಇದನ್ನು ಒಪ್ಪಿಕೊಳ್ಳಲು ಇನ್ನೊಂದು ವರ್ಷ ತೆಗೆದುಕೊಂಡೆ. ಮೊಂಡುತನಕ್ಕೆ ನಮ್ಮ ಮನೆತನ ಹೆಸರುವಾಸಿ.

ಎರಡನೆಯ ಕಯಾಕನ್ನು ನೀರಿನಲ್ಲಿ ಕೂತು ನೋಡದೆ ಕೊಳ್ಳುವುದಿಲ್ಲ ಎಂದು ಹಟ ಹಿಡಿದೆ. ಉದ್ದ 4.7 ಮೀಟರ್, ಅಗಲ 56 ಸೆಂಟಿಮೀಟರ್. ಈ ಸಲ ಮೊದಲ ಪ್ರಶ್ನೆಯೇ ಎಲ್ಲಿಯ ಐವತ್ತಾರು ಎಂದು. ತೋರಿಸಿದರು, ಸೀಟಿನ ಹತ್ತಿರ ನೀರಿನ ಮಟ್ಟದಲ್ಲೂ ಅದಕ್ಕಿಂತ ಬಹಳ ಕಡಿಮೆ ಇರಲಿಲ್ಲ. ಸೊಂಟ ಆಡಿಸಿ ದೋಣಿಯನ್ನು ಬೇಕೆಂದೇ ವಾಲಿಸಿದೆ. ಇಲ್ಲೊಂದು ಸೂಕ್ಷ್ಮವಿದೆ. ಚಪ್ಪಟೆ ತಳದ ದೋಣಿ ನಿಂತ ನೀರಿನಲ್ಲಿ ಮಂಚದಂತೆ ಗಟ್ಟಿ ಅನಿಸುತ್ತದೆ, ಆದರೆ ಅಲೆಯ ಇಳಿಜಾರಿಗೆ ತಾನೂ ವಾಲುತ್ತದೆ, ಒಂದು ಮಿತಿ ದಾಟಿದರೆ ಸೂಚನೆ ಕೊಡದೆ ಮಗುಚುತ್ತದೆ. ತಳ ಸ್ವಲ್ಪ ದುಂಡಾಗಿ ಬದಿಗಳು ಹೊರಕ್ಕೆ ಚಾಚಿದ ದೋಣಿ ಮೊದಲು ಅಲುಗಾಡಿ ಹೆದರಿಸುತ್ತದೆ, ವಾಲಿದ ಮೇಲೆ ಮಾತ್ರ ಹೆಗಲು ಕೊಟ್ಟು ನಿಲ್ಲುತ್ತದೆ. ನಾನು ಎರಡನೆಯದನ್ನು ಆರಿಸಿದೆ. ಮುಂದೆ ಹಿಂದೆ ಎರಡು ಅಡ್ಡಗೋಡೆ, ನಡುವೆ ಕೂರುವ ಜಾಗದಲ್ಲಿ ಮಾತ್ರ ನೀರು ತುಂಬಬಹುದು. ಚುಕ್ಕಾಣಿ ತಳದಲ್ಲಿಲ್ಲ, ಬಾಲದ ತುದಿಯಲ್ಲಿ. ಬಲೆ ಕಂಡರೆ ಹಗ್ಗ ಎಳೆದು ಎತ್ತಬಹುದು. ತೂಕ ಕೆ-1ರ ಎರಡರಷ್ಟು. ಕಾರಿನ ಮೇಲೇರಿಸುವಾಗ ಬೆನ್ನು ಬೈಯುತ್ತದೆ, ಬೈಯಲಿ.

ಅದನ್ನು ಮೈಗೆ ಹೊಂದಿಸಿದ್ದು ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಬಸವಣ್ಣನವರ ಮಡದಿ ನೀಲಮ್ಮನ ಗುಡಿ ಇರುವ ಹೊಳೆದಂಡೆ. ಆಲಮಟ್ಟಿಯ ಹಿನ್ನೀರು ಬೇಸಿಗೆಗೆ ದೂರ ಸರಿದು, ನೀರಿಗೂ ರಸ್ತೆಗೂ ನಡುವೆ ಮೊಣಕಾಲು ಹುಗಿಯುವ ಎರೆಮಣ್ಣಿನ ಕೆಸರು, ಜಾಲಿ ಬೊಡ್ಡೆ ಉಳಿಸಿ ಹೋಗುತ್ತದೆ. ನಾರಾಯಣಪುರದ ಹಿನ್ನೀರಿಗೆ ಮೇಲಿನಿಂದ ಬಿಟ್ಟ ನೀರು ಬಂದು ಸೇರುವುದರಿಂದ ಅಲ್ಲಿ ಇಳಿಯಲು ನನಗೆ ಅಷ್ಟು ತೊಂದರೆಯಾಗಲಿಲ್ಲ. ಮೊಸಳೆ ಇಲ್ಲೂ ಇವೆ. ಬೇಸಿಗೆಯಲ್ಲಿ ಬಿಸಿಲು ಕಾಯಲು ಮಲಗುವ ದಂಡೆಗಳನ್ನು ಮೀನುಗಾರರು ತೋರಿಸಿಕೊಟ್ಟಿದ್ದಾರೆ, ಆ ಕಡೆ ಸುಳಿಯುವುದಿಲ್ಲ, ಮಬ್ಬುಗತ್ತಲಲ್ಲಿ ನೀರಿಗೆ ಇಳಿಯುವುದಿಲ್ಲ.

ಪಾದದ ಪಟ್ಟಿಯಿಂದ ಶುರುಮಾಡಿದೆ. ಕಾಲು ಚಾಚಿ ಕೂರುವುದು ಆರಾಮ ಕುರ್ಚಿಗೆ ಸರಿ. ಕಯಾಕಿನಲ್ಲಿ ಬಲ ಹುಟ್ಟುವುದು ಪಾದದಲ್ಲಿ: ಎಡಕ್ಕೆ ಹುಟ್ಟು ಊರಿದಾಗ ಎಡಪಾದ ಒತ್ತಬೇಕು, ಆ ಒತ್ತು ಸೊಂಟ ತಿರುಗಿಸಿ ಬೆನ್ನಿಗೆ ಹೋಗಿ ಭುಜ ಸೇರಿ ಹುಟ್ಟಿಗೆ ಇಳಿಯಬೇಕು. ಮೊಣಕಾಲು ತುಸು ಬಾಗಿರದಿದ್ದರೆ ಒತ್ತುವುದು ಯಾವುದರಿಂದ? ಪಟ್ಟಿಯನ್ನು ಒಂದೊಂದೇ ಹಲ್ಲು ಹತ್ತಿರ ತಂದು, ಪ್ರತಿ ಸಲ ಹೋಗಿ ಬಂದು, ತೊಡೆ ದೋಣಿಯ ಒಳಮೈಗೆ ತಾಗಿಯೂ ತಿರುಗಲು ಬಿಡುವು ಇರುವ ಜಾಗ ಹುಡುಕಿದೆ. ಹೆದರಿದ್ದಷ್ಟು ಮೊಣಕಾಲು ನೋಯಲಿಲ್ಲ. ಸೀಟಿನ ಬೆನ್ನುಪಟ್ಟಿ ಎತ್ತರ ಇದ್ದದ್ದನ್ನು ಸೊಂಟದವರೆಗೆ ಇಳಿಸಿದೆ, ಒರಗಿ ಕೂತರೆ ಮೈ ತಿರುಗುವುದಿಲ್ಲ. ಸೊಂಟದ ಎರಡೂ ಬದಿಗೆ ಹಳೆ ಯೋಗ ಚಾಪೆಯ ತುಂಡು ಅಂಟಿಸಿದೆ. ದೋಣಿ ನನ್ನ ಜೊತೆ ಅಲುಗಬೇಕು, ನಾನು ಅದರೊಳಗೆ ಅಲುಗಬಾರದು. ಸೀಟಿಗೆ ಮಾತ್ರ ಏನೂ ಹಾಸಲಿಲ್ಲ, ಜಾರುವ ನೈಲಾನ್ ಚಡ್ಡಿ ಹಾಕಿಕೊಂಡರೆ ಸೊಂಟ ತಿರುಗುವುದು ಸಲೀಸು. ಹೆಂಡತಿ ಈ ಚಡ್ಡಿಯನ್ನು ಯಾರ ಮುಂದೆಯೂ ಹಾಕಬೇಡಿ ಎಂದಿದ್ದಾಳೆ.

ಹುಟ್ಟನ್ನು 215ಕ್ಕೆ ಇಳಿಸಿದೆ. ಕಿರಿದಾದ ದೋಣಿಗೆ ಉದ್ದ ಹುಟ್ಟು ಹಾಕಿದರೆ ಅಲಗು ದೋಣಿಯಿಂದ ದೂರ ಹೋಗಿ ಬೀಳುತ್ತದೆ, ಪ್ರತಿ ಎಳೆತವೂ ಮೂತಿಯನ್ನು ಆಚೆ ತಿರುಗಿಸುತ್ತದೆ. ಗಾಳಿಯ ಪಾಠ ಕೊನೆಯದು. ಅಡ್ಡ ಗಾಳಿಯಲ್ಲಿ ಕಯಾಕಿನ ಮೂತಿ ತಾನಾಗಿ ಗಾಳಿಯ ಕಡೆಗೆ ಹೊರಳುತ್ತದೆ. ಐದು ಲೀಟರ್ ನೀರಿನ ಕ್ಯಾನನ್ನು ಮುಂದಿನ ಗೂಡಿನಿಂದ ತೆಗೆದು ಹಿಂದಿನ ಗೂಡಿಗೆ ಇಟ್ಟೆ, ಬಾಲ ತುಸು ಭಾರವಾಯಿತು, ಅರ್ಧ ಚಟ ಬಿಟ್ಟಿತು. ಉಳಿದರ್ಧಕ್ಕೆ ಚುಕ್ಕಾಣಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಬೇಕೆಂದೇ ಬೀಳುವುದನ್ನೂ ಅಲ್ಲೇ ಅಭ್ಯಾಸ ಮಾಡಿದೆ, ದಡದಲ್ಲಿ ಮಗನನ್ನು ನಿಲ್ಲಿಸಿಕೊಂಡು. ಹುಟ್ಟಿನ ಒಂದು ತುದಿಗೆ ಗಾಳಿ ತುಂಬಿದ ಚೀಲ ಸಿಕ್ಕಿಸಿ, ಅದನ್ನು ದೋಣಿಗೆ ಅಡ್ಡ ಇಟ್ಟು, ಹೊಟ್ಟೆಯ ಮೇಲೆ ಹತ್ತಿ ಒಳಗೆ ಜಾರಿ, ಕೈಪಂಪಿನಿಂದ ನೀರು ಹೊರಹಾಕುವುದು. ಇದು ಬಾರದಿದ್ದವರು ದಡಕ್ಕೆ ಸಲೀಸಾಗಿ ಈಜಬಲ್ಲ ದೂರಕ್ಕಿಂತ ಆಚೆ ಹೋಗಬಾರದು. ಜಾಕೆಟ್ಟಿನ ಪಟ್ಟಿಯನ್ನು ಈಗ ಮಗ ಬಿಗಿದು, ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿ, ಕಿವಿ ಮುಟ್ಟದಿದ್ದರೆ ಮಾತ್ರ ಬಿಡುತ್ತಾನೆ.

ಗಡಿಯಾರ ಈಗ ಏಳೂವರೆ ತೋರಿಸುತ್ತದೆ, ಒಳ್ಳೆಯ ಬೆಳಗಿದ್ದರೆ ಎಂಟು. ಕಾಗದದ ಮೇಲೆ ನಿಧಾನದ ದೋಣಿ ಇದು.

ಕೆ-1 ವರ್ಷಗಟ್ಟಲೆ ಪಡಸಾಲೆಯ ತೊಲೆಗೆ ನೇತಾಡುತ್ತಿತ್ತು. ಮಾರೋಣವೆಂದು ಜಾಹೀರಾತು ಬರೆಯಲು ಕೂತಾಗ ಪೆನ್ನು ಅಗಲದ ಹತ್ತಿರ ನಿಂತಿತು. 51 ಎಂದು ಬರೆದರೆ ಸುಳ್ಳಾಗುವುದಿಲ್ಲ. ನನಗೆ ಮಾರಿದವರೂ ಬಹುಶಃ ಇಲ್ಲೇ ಒಂದು ಗಳಿಗೆ ನಿಂತಿದ್ದರೇನೋ ಅನಿಸಿತು, ಅವರ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು. ಎರಡೂ ಬರೆದೆ: ಹಿಂದೆ ಮೇಲೆ 51, ಸೀಟಿನ ಕೆಳಗೆ ನೀರಿನ ಗೆರೆಯಲ್ಲಿ 39, ಹೊಸಬರಿಗಲ್ಲ. ಬಹಳ ದಿನ ಒಂದು ಫೋನೂ ಬರಲಿಲ್ಲ. ಕೊನೆಗೆ ಬೇರೆ ಜಿಲ್ಲೆಯಿಂದ ಒಬ್ಬ ಹುಡುಗ ಬಂದ, ಪಂದ್ಯಕ್ಕೆ ತಯಾರಾಗುವವನು. ತಂಗಡಗಿಗೆ ಕರೆದುಕೊಂಡು ಹೋದೆ. ಕೂತ, ಸೀಟು ತಗ್ಗಾಯಿತೆಂದು ದೂರಿದ, ತನ್ನ ಚೀಲದಿಂದ ಫೋಮಿನ ತುಂಡು ತೆಗೆದು ಕೆಳಗೆ ತುರುಕಿಕೊಂಡು ಹೊರಟೇಹೋದ. ಬಾಗಲಿಲ್ಲ, ಅಲುಗಲಿಲ್ಲ.

ತಿರುಗಿ ಬಂದವನು ದೋಣಿ ಇಳಿಯುತ್ತಲೇ ಚೌಕಾಸಿಗೆ ನಿಂತ. "ಸರ, ಚುಕ್ಕಾಣಿ ಸೊಟ್ಟ ಆಗೇತಿ, ಒಳಗ ಗಾಳಿಚೀಲ ಇಲ್ಲ. ಅರ್ಧಾ ಕೊಡ್ತೀನ್ರಿ."

ಚುಕ್ಕಾಣಿ ಸೊಟ್ಟಗಾದ ಕತೆ ಅವನಿಗೆ ಹೇಳಲಿಲ್ಲ. ಅರ್ಧಕ್ಕೆ ಮೇಲೆ ಎರಡು ಸಾವಿರಕ್ಕೆ ಕೊಟ್ಟೆ, 230ರ ಹುಟ್ಟನ್ನು ಬಿಟ್ಟಿಯಾಗಿ ಕೊಡಹೋದರೆ ಬೇಡವೆಂದ.